ರೊಟ್ಟಿ ಬಡಿಯುವ ಕೈ, ಲೊಚ್‌ಗೆ ಕಾದ ಕಿವಿ

ಬೆಳಗಿನ ಐದು ಗಂಟೆ. ಯಲಬುರ್ಗಾ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹುಲಿಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಓಣಿಯ ಉಳಿದ ಮನೆಗಳಲ್ಲಿ ರೊಟ್ಟಿಯ ಸಪ್ಪಳ ಒಂದೇ ಸಮನೆ ಕೇಳುತ್ತದೆ. ಇಲ್ಲಿ ಹಾಗಲ್ಲ. ಒಂದು ರೊಟ್ಟಿ ಹಂಚಿಗೆ ಬೀಳುತ್ತಲೇ ಕೈ ನಿಲ್ಲುತ್ತದೆ, ಕಿವಿ ಒಳಕೋಣೆಯತ್ತ ತಿರುಗುತ್ತದೆ. ಅಲ್ಲಿ ಮೂರು ದಿಂಬಿಗೆ ಒರಗಿ ಕೂತವರು ತಾಯಿ ದುರುಗವ್ವ. ಏನೂ ಕೇಳದಿದ್ದರೆ ಮುಂದಿನ ಉಂಡೆ. ನಾಲಿಗೆಯಿಂದ ‘ಲೊಚ್ ಲೊಚ್’ ಎಂದು ಎರಡು ಸದ್ದು ಬಂದರೆ ಒಲೆ ಸಣ್ಣದು ಮಾಡಿ ಓಡಬೇಕು. ತಾಯಿಯ ಮೂಗಿಗೆ ಮಾಸ್ಕ್ ಕಟ್ಟಿ ಉಸಿರಿನ ಯಂತ್ರ ಹಚ್ಚಬೇಕು.

“ಮಾತಾಡಾಕ ಉಸುರು ಬೇಕ್ರಿ. ಲೊಚ್ ಅನ್ನಾಕ ಬ್ಯಾಡ,” ಎನ್ನುತ್ತಾರೆ ಹುಲಿಗವ್ವ. ಇದನ್ನು ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ, ತಾಯಿ ಮಗಳು ಇಬ್ಬರೇ ಕಂಡುಕೊಂಡದ್ದು.

ನಾಲ್ಕು ವರ್ಷದ ಹಿಂದೆ ದುರುಗವ್ವನ ಕಾಲಿನಿಂದ ಚಪ್ಪಲಿ ಅವರಿಗೇ ಗೊತ್ತಾಗದಂತೆ ಜಾರಿ ಬೀಳತೊಡಗಿತು. ಆಮೇಲೆ ಕೈಯಿಂದ ತಂಬಿಗೆ. ನರಗಳು ಸೋಲುತ್ತ ಸ್ನಾಯುಗಳು ಸೊರಗುವ ಬೇನೆ, ವಾಸಿಯಾಗುವಂಥದ್ದಲ್ಲ ಎಂದು ಹುಬ್ಬಳ್ಳಿಯಲ್ಲಿ ಹೇಳಿದರು. ಕಳೆದ ವರ್ಷ ಅದು ಎದೆಗೂ ಬಂತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಹೊಗೆ ಬೇಡವೆಂದು ಹುಲಿಗವ್ವ ಕಟ್ಟಿಗೆ ಒಲೆ ಬಿಟ್ಟಿದ್ದಾರೆ, ಹಿಟ್ಟನ್ನು ಅಂಗಳದಲ್ಲೇ ಜರಡಿ ಹಿಡಿಯುತ್ತಾರೆ. ದಿನಕ್ಕೆ ನೂರಿಪ್ಪತ್ತು ರೊಟ್ಟಿ, ಎರಡು ಖಾನಾವಳಿಗೆ. ನಡುನಡುವೆ ತಾಯಿಯ ಎದೆ ನೋಡುತ್ತ ಉಸಿರು ಎಣಿಸುತ್ತಾರೆ. ನಿಮಿಷಕ್ಕೆ ಮೂವತ್ತು ದಾಟಿದರೆ ರೊಟ್ಟಿ ನಿಂತಂತೆ.

ಇಷ್ಟೆಲ್ಲ ಮಾಡುವ ಹೆಂಗಸು ದೇವತೆ ಎಂದು ಓಣಿಯವರು ಹೊಗಳುತ್ತಾರೆ. ಹುಲಿಗವ್ವ ಒಪ್ಪುವುದಿಲ್ಲ. “ನನಗ ಭಾಳ ಹೊಟ್ಟಿಕಿಚ್ಚೈತ್ರಿ,” ಎಂದು ಮುಖಕ್ಕೇ ಹೇಳಿಬಿಡುತ್ತಾರೆ. ಅಂಗಾತ ಮಲಗಿ ಗೊರಕೆ ಹೊಡೆಯುವವರನ್ನು ಕಂಡರೆ ಹೊಟ್ಟೆಕಿಚ್ಚು. ಎದುರು ಮನೆಯ ಬಾಷಾಬಿಯನ್ನು ಅವರ ತಾಯಿ ದಿನ ಬೆಳಗಾದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತಾರೆ. ಆ ಬೈಗುಳ ಕೇಳಿದರಂತೂ ಹುಲಿಗವ್ವನಿಗೆ ತಡೆಯದು. “ಎಷ್ಟ್ ಉಸುರೈತಿ ನೋಡ್ರಿ ಆ ಮುದುಕಿಗೆ. ನಮ್ಮವ್ವ ನನಗ ಒಂದು ಬೈಗುಳ ಬೈದು ಎಂಟು ತಿಂಗಳಾತು.”

ಆದರೆ ಎಲ್ಲಕ್ಕಿಂತ ದೊಡ್ಡ ಕಿಚ್ಚು ತಂಗಿ ರೂಪಾಳ ಮೇಲೆ. ಗಂಗಾವತಿಯಲ್ಲಿ ಸಂಸಾರ ಮಾಡಿಕೊಂಡಿರುವ ರೂಪಾ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಾರೆ. ಅಂದು ದುರುಗವ್ವ ಬೆಳಗಿನಿಂದ ಒಂದು ಮಾತೂ ಆಡುವುದಿಲ್ಲ, ಉಸಿರು ಕೂಡಿಟ್ಟುಕೊಳ್ಳುತ್ತಾರೆ. ಸಣ್ಣ ಮಗಳು ಹೊಸ್ತಿಲು ದಾಟುತ್ತಲೇ “ಆರಾಮ ಅದಿಯೇನವಾ?” ಎಂದು ಬಾಯಿ ಬಿಟ್ಟು ಕೇಳುತ್ತಾರೆ.

“ಆಕಿಗೆ ಮಾತು, ನನಗ ಲೊಚ್,” ಎನ್ನುವಾಗ ಹುಲಿಗವ್ವನ ಕೈ ಹಿಟ್ಟನ್ನು ತುಸು ಜೋರಾಗಿಯೇ ನಾದುತ್ತದೆ.

ಎರಡು ತಿಂಗಳ ಹಿಂದೆ ರೂಪಾ ಬಂದಿದ್ದರು. ರೊಟ್ಟಿ ಕೊಟ್ಟು ಬರಲು ಹೊರಡುವಾಗ ತಾಯಿಗೆ ಮಾಸ್ಕ್ ಹಾಕಿಯೇ ಹೋಗುವುದು ಹುಲಿಗವ್ವನ ವಾಡಿಕೆ. ಅಂದು ರೂಪಾಳ ಜೊತೆ ಮಾತಾಡಬೇಕೆಂದು ತಾಯಿ ಮಾಸ್ಕ್ ಬೇಡವೆಂದರು. “ದಣಿದ್ರ ಹೇಳ್ತಾಳ” ಎಂದಷ್ಟೇ ತಂಗಿಗೆ ಹೇಳಿ ಹುಲಿಗವ್ವ ಬುಟ್ಟಿ ಹೊತ್ತರು. ಹೇಗೆ ಹೇಳುತ್ತಾಳೆ ಎಂಬುದನ್ನು ಹೇಳಲಿಲ್ಲ.

ಮರಳಿ ಬರುವಾಗ ಅಂಗಳಕ್ಕೇ ತಂಗಿಯ ದನಿ ಕೇಳಿತು. “ಬರೋ ವರ್ಷ ನೀ ಎದ್ದು ಓಡಾಡ್ತಿ ನೋಡವಾ.” ಹಿಂದೆಯೇ ‘ಲೊಚ್ ಲೊಚ್’. ರೂಪಾ ನೆಲಕ್ಕೆ ಬೆರಳಿನಿಂದ ತಟ್ಟಿ, “ಹಲ್ಲಿ ನುಡೀತು, ಖರೇ ಆಕ್ಕೈತಿ,” ಎಂದು ಹಿಗ್ಗಿದರು. ಮತ್ತೆ ‘ಲೊಚ್ ಲೊಚ್’. ಮತ್ತೆ ನೆಲ ತಟ್ಟಿ, ಹಲ್ಲಿ ಎಲ್ಲಿದೆಯೆಂದು ಗೋಡೆ ನೋಡಿದರು. ಹುಲಿಗವ್ವ ಬುಟ್ಟಿ ಬಿಸಾಕಿ ಒಳಗೆ ಓಡಿದಾಗ ತಾಯಿಯ ತುಟಿ ನೀಲಿಗೆ ತಿರುಗುತ್ತಿತ್ತು. ದಿಂಬು ಎತ್ತರಿಸಿ, ಮಾಸ್ಕ್ ಕಟ್ಟಿ, ಎದೆ ಹದಕ್ಕೆ ಬರುವಷ್ಟರಲ್ಲಿ ಅರ್ಧ ತಾಸು ಹೋಯಿತು. ರೂಪಾ ಮೂಲೆಯಲ್ಲಿ ಕುಸಿದು ಅಳುತ್ತಿದ್ದರು.

“ತಪ್ಪು ಆಕೀದಲ್ರಿ, ನಂದು,” ಎನ್ನುತ್ತಾರೆ ಹುಲಿಗವ್ವ. “ಆಕಿಗೆ ಮಾತೈತಿ, ಈ ಲೊಚ್ ಆದ್ರೂ ನನಗಷ್ಟ ಇರ್ಲಿ ಅಂತ ಬೇಕಂತ ಹೇಳಿರ್ಲಿಲ್ಲ. ಇನ್ನೊಂದು ಮಾತ್ ಹೇಳ್ಲೇನ್ರಿ? ಆಕಿಗೆ ತಿಳೀಲಿಲ್ಲ ಅಂತ ಆ ಗದ್ಲದಾಗೂ ನನಗ ಚೂರು ಖುಷಿ ಆತು. ಅವತ್ತ ನನ್ನ ಹೊಟ್ಟಿಕಿಚ್ಚಿಗೆ ನಾನ ಹೆದರಿದೆ.”

ಈಗ ಮಂಚದ ಮೇಲಿನ ಗೋಡೆಗೆ ಒಂದು ರಟ್ಟು ಅಂಟಿದೆ. ಹುಲಿಗವ್ವ ಹೇಳಿದ್ದನ್ನು ರೂಪಾ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಒಂದು ಲೊಚ್ ಬಂದರೆ ದಿಂಬು, ಎರಡಾದರೆ ಮಾಸ್ಕ್, ಮೂರಾದರೆ ನೀರು. ಬಾಷಾಬಿಯೂ ಕಲಿತಿದ್ದಾರೆ. ಮೊನ್ನೆ ರೂಪಾ ಒಬ್ಬರೇ ಎರಡು ತಾಸು ತಾಯಿಯನ್ನು ನೋಡಿಕೊಂಡರು, ಹುಲಿಗವ್ವ ಅಂಗಾತ ಮಲಗಿ ನಿದ್ದೆ ಹೊಡೆದರು.

ಆಸೆ ಏನು ಎಂದು ಕೇಳಿದರೆ ಹುಲಿಗವ್ವ ರೊಟ್ಟಿ ಮಗುಚುತ್ತಾರೆ. “ನಮ್ಮವ್ವ ಒಮ್ಮೆ ಬಾಯ್ತುಂಬ ನನ್ನ ಬೈಲಿ, ಅಷ್ಟ.”

ಅಷ್ಟರಲ್ಲಿ ಒಳಗಿನಿಂದ ನಾಲಿಗೆಯ ಸದ್ದು. ಒಂದು, ಎರಡು, ಮೂರು, ಸ್ವಲ್ಪ ತಡೆದು ನಾಲ್ಕು. ರಟ್ಟಿನಲ್ಲಿ ನಾಲ್ಕಕ್ಕೆ ಏನೂ ಬರೆದಿಲ್ಲ. ಹುಲಿಗವ್ವ ಅವಸರ ಮಾಡುವುದಿಲ್ಲ. ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ನಿಧಾನ ಏಳುತ್ತಾರೆ.

“ಅದನ್ನ ಯಾರಿಗೂ ಕಲಿಸಿಲ್ರಿ,” ಎನ್ನುತ್ತಾರೆ. “ಹು, ಲಿ, ಗ, ವ್ವ. ಅದು ನನ್ನ ಹೆಸರು.”