ಹೆಸರಿಲ್ಲದ ವೀರನಿಗೆ ಎಡೆ

ಜಡೆ ಊರಿನಿಂದ ಬನವಾಸಿ ಕಡೆಗೆ ಹೋಗುವ ಹಳೆಯ ಕಾಲುದಾರಿಯಲ್ಲಿ ಒಂದು ವೀರಗಲ್ಲಿದೆ. ಕೆಳಗೆ ಕತ್ತಿ ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಹೆಸರು ಕೆತ್ತಿದ್ದ ಸಾಲು ಎಂದೋ ಸವೆದುಹೋಗಿದೆ. ಯಾರ ಮಗನೋ, ಯಾರ ಗಂಡನೋ! ಆ ದಾರಿ ಹಿಡಿದವರು ಒಂದು ಹಿಡಿ ಸೊಪ್ಪು ಮುರಿದು ಅದರ ಬುಡಕ್ಕೆ ಹಾಕಬೇಕು. ಇಲ್ಲದಿದ್ದರೆ ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಬರುತ್ತದಂತೆ.

ನಾಟಿಗೆ ಹೋಗುವಾಗ ಬರುವಾಗ ಲೋಕಮ್ಮ ಹದಿನೈದು ವರ್ಷ ಸೊಪ್ಪು ಹಾಕಿದಳು. ಸಪ್ಪಳ ತಪ್ಪಲಿಲ್ಲ. ಅದು ಗಂಡನದೇ ನಡಿಗೆ, ಮೆಟ್ಟು ಎಳೆದು ಹಾಕುವ ಸೋಮಾರಿ ನಡಿಗೆ. ಹುಲಿಯಪ್ಪ ಬರ್ಮಾ ಯುದ್ಧಕ್ಕೆ ಹೋದವನು. ‘ಪತ್ತೆಯಿಲ್ಲ’ ಎಂದೊಂದು ಕಾಗದ ಬಂತು, ಅಷ್ಟೇ. ಸತ್ತನೆಂದು ಬರೆಯುವ ಧೈರ್ಯ ಸರ್ಕಾರಕ್ಕೂ ಇರಲಿಲ್ಲ. ಅತ್ತೆ ಉಚ್ಚಂಗಮ್ಮ ಮಾತ್ರ ದಿನಾ ಬೆಳಿಗ್ಗೆ ಸೊಸೆಯ ಹಣೆಯ ಕುಂಕುಮ ನೋಡಿಯೇ ಕಾಫಿ ಲೋಟಕ್ಕೆ ಕೈ ಹಾಕುತ್ತಿದ್ದಳು.

ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಎಡೆ, ಅವನಿಗೊಬ್ಬನಿಗೆ ಇಲ್ಲ. ಬದುಕಿದ್ದವನಿಗೆ ಎಡೆಯಿಟ್ಟರೆ ಕೈಯಾರೆ ಕೊಂದಂತೆ. ಸತ್ತವನಿಗೆ ಇಡದಿದ್ದರೆ ಅವನು ಹಸಿದುಕೊಂಡೇ ಅಲೆಯಬೇಕು. ಈ ಇಕ್ಕಟ್ಟು ಶತ್ರುವಿಗೂ ಬೇಡ.

ಐವತ್ತೆಂಟನೇ ಇಸವಿಯ ಅಮಾವಾಸ್ಯೆಯಂದು ಲೋಕಮ್ಮ ತಡೆಯಲಾರದೆ ಅನ್ನ, ವಡೆ, ಕುಂಬಳದ ಪಲ್ಯ ಗಂಟು ಕಟ್ಟಿಕೊಂಡು ಕದ್ದು ಹೋಗಿ ವೀರಗಲ್ಲಿನ ಮುಂದೆ ಎಲೆ ಹಾಕಿದಳು. ಹೆಸರಿಲ್ಲದವನಿಗೆ ತಾನೇ ಇಡುವುದು, ಯಾರಿಗೇನು ಕೇಡು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು. ಕಾಗೆಗಳು ಮತ್ತಿಮರದ ಮೇಲೆ ಕೂತು ನೋಡಿದವೇ ಹೊರತು ಇಳಿಯಲಿಲ್ಲ. ಬಿಸಿಲು ನೆತ್ತಿಗೇರಿತು. ಎಡೆಯಿಟ್ಟವರು ಹೆಸರು ಹಿಡಿದು ಕರೆಯಬೇಕು. ಗಂಡನ ಹೆಸರನ್ನೋ ಅವಳು ಜನ್ಮದಲ್ಲಿ ಹೇಳಿದವಳಲ್ಲ. ಕಾಡಿನ ಹುಲಿಯನ್ನೂ ‘ಪಟ್ಟೆಯದು’ ಎನ್ನುತ್ತಿದ್ದಳು.

“ಹುಲಿಯಪ್ಪ,” ಎಂದಳು ಕೊನೆಗೆ. “ಬನ್ನಿ, ಉಣ್ಣಿ. ಎಷ್ಟ್ ದಿನದಿಂದ ಹಸ್ದಿದೀರೋ.”

ಒಂದು ಕಾಗೆ ಇಳಿದು ಬಂದು ಅನ್ನಕ್ಕೆ ಬಾಯಿ ಹಾಕಿತು.

ವಾಪಸು ಬರುವಾಗ ಬೆನ್ನ ಹಿಂದೆ ಸಪ್ಪಳವಿರಲಿಲ್ಲ. ಹದಿನೈದು ವರ್ಷ ಹೆದರಿಸಿದ ಸಪ್ಪಳ ಅದು. ಈಗ ಇಲ್ಲವೆಂದು ಲೋಕಮ್ಮ ದಾರಿಯಲ್ಲೇ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತಳು.

ಬಾಗಿಲಲ್ಲಿ ಉಚ್ಚಂಗಮ್ಮ ಕಾಯುತ್ತಿದ್ದಳು. ಗಂಟು ಕಟ್ಟುವಾಗಲೇ ನೋಡಿದ್ದಳು ಮುದುಕಿ.

“ಕಾಗೆ ಮುಟ್ತೇನೇ?”

“ಇಲ್ಲ ಅತ್ತೆ. ಮುಟ್ಲಿಲ್ಲ.”

“ನಾ ಹೇಳಿರ್ಲಿಲ್ವಾ? ಬರ್ತಾನೆ ಅವ್ನು.”

ಉಚ್ಚಂಗಮ್ಮ ತಾನೇ ಭರಣಿ ತಂದು, ಕುಂಕುಮ ಅಳಿಸಿಹೋಗಿದ್ದ ಸೊಸೆಯ ಹಣೆಗೆ ದೊಡ್ಡ ಬೊಟ್ಟಿಟ್ಟಳು. ಮುದುಕಿ ಇರುವವರೆಗೂ ಲೋಕಮ್ಮ ಆ ಬೊಟ್ಟು ತಪ್ಪಿಸಲಿಲ್ಲ. ವೀರಗಲ್ಲಿನ ಎಡೆಯನ್ನೂ ತಪ್ಪಿಸಲಿಲ್ಲ.