ದ್ವಾದಶಿಗೆ ಬಿದ್ದ ತಾರೀಖು

ಅತ್ಯಾ, ಅಂದರೆ ನನ್ನ ಅಪ್ಪನ ತಂಗಿ, ದೇವದುರ್ಗದಲ್ಲಿ ಟೀಚರ್ ಆಗಿದ್ದಳು. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಹೊಟ್ಟೆ ಉಬ್ಬಿ, ಕರುಳು ಕಟ್ಟಿಕೊಂಡು, ರಾಯಚೂರಿನಲ್ಲಿ ತುರ್ತಾಗಿ ಆಪರೇಷನ್ ಮಾಡಬೇಕಾಯಿತು. ಒಳಗಿದ್ದದ್ದು ಕ್ಯಾನ್ಸರ್ ಗಡ್ಡೆ. ಅದನ್ನು ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಸುಧಾರಿಸಿಕೊಳ್ಳಲು ಬಂದಿದ್ದ ಮಾನ್ವಿಯ ನಮ್ಮ ಮನೆಯಲ್ಲಿ ಆ ರೋಗದ ಹೆಸರನ್ನೇ ಯಾರೂ ಎತ್ತದಾದರು.

ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ದಾರಿ ಕಟ್ಟಿದ್ದರಿಂದ ಗಡ್ಡೆಯ ಆಚೆಗಿನ ಕರುಳನ್ನು ಆಪರೇಷನ್ನಿಗೆ ಮೊದಲು ಒಳಗಿನಿಂದ ನೋಡಲು ಆಗಿರಲಿಲ್ಲ. ಮೊದಲೇ ಪೂರ್ತಿ ನೋಡಿದವರಿಗೆ ವರ್ಷ ಬಿಟ್ಟು ನೋಡಿದರೂ ನಡೆದೀತು, ಇವರು ಮಾತ್ರ ಮೂರು ತಿಂಗಳಿಗೇ ಹೈದರಾಬಾದಿಗೆ ಹೋಗಿ ಕೊಲೊನೋಸ್ಕೋಪಿ ಮಾಡಿಸಲೇಬೇಕು ಎಂದಿದ್ದರು. ಮನೆಯವರು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಅತ್ಯಾ ಬಿಡಲಿಲ್ಲ, ತಾನೇ ತಾರೀಖು ಗೊತ್ತುಮಾಡಿಸಿದಳು.

ಆ ತಾರೀಖು ಬಿದ್ದದ್ದು ದ್ವಾದಶಿಗೆ. ಕರುಳು ತೊಳೆಯಲು ಹಿಂದಿನ ದಿನ ಭೇದಿ ಔಷಧಿಯನ್ನು ತಂಬಿಗೆಗಟ್ಟಲೆ ನೀರಿನೊಡನೆ ಕುಡಿಯಬೇಕು. ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ಗುಟುಕು ನೀರೂ ಇಲ್ಲ. ಮುಂದಿನ ವರ್ಷ ನೋಡಿದರಾಯಿತೆಂದು ಅಜ್ಜಿ ಹಟ ಹಿಡಿದಳು. ಉಂಡು ಓಡಾಡಿಕೊಂಡಿರುವವಳ ಹೊಟ್ಟೆ ಯಾಕೆ ಕೆದಕಬೇಕೆಂದು ಅಪ್ಪನೂ ತಾಳ ಹಾಕಿದ. ನನಗೆ ಮೈಯೆಲ್ಲ ಉರಿಯಿತು. ಅತ್ಯಾ ಮಾತ್ರ ಸೀರೆ ಮಡಚಿ ಚೀಲಕ್ಕಿಡುತ್ತ ಅಜ್ಜಿಗೆ ಹೇಳಿದಳು:

"ಏಕಾದಶಿ ಹದಿನೈದು ದಿನಕ್ಕೊಮ್ಮಿ ಬರ್ತದವ್ವಾ. ಈ ತಾರೀಖು ತಪ್ಪಿದ್ರ ನಾನಽ ಇರ್ತೀನೋ ಇಲ್ಲೋ."

ಅಜ್ಜಿ ಎದ್ದು ದೇವರ ಮನೆಗೆ ಹೋದಳು. ಅತ್ಯಾ ಮತ್ತು ನಾನು ರಾಯಚೂರಿನಲ್ಲಿ ರೈಲು ಹತ್ತಿದೆವು.

ಏಕಾದಶಿಯಂದು ಅವಳ ಬಾಯಿಗೆ ನೀರು ಹೋದದ್ದನ್ನು ಹೈದರಾಬಾದಿನ ಆಸ್ಪತ್ರೆ ಹತ್ತಿರದ ಒಂದು ಬಾಡಿಗೆ ಖೋಲಿಯಲ್ಲೇ ನಾನು ಮೊದಲು ನೋಡಿದ್ದು. ವಾಕರಿಕೆ ಬಂದರೆ ಕಣ್ಣು ಮುಚ್ಚಿ ಕೂಡುವಳು, ಮತ್ತೆ ಲೋಟ ಎತ್ತುವಳು. ನಡುನಡುವೆ, ಉಂಡು ಬಾ ಎಂದು ನನ್ನನ್ನೇ ಗದರುವಳು. ಎಂಥ ಗಟ್ಟಿಗಿತ್ತಿ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಮರುದಿನ, ಮೊದಲು ನೋಡಲಾಗದಿದ್ದ ಆ ಭಾಗದಲ್ಲೇ ಒಂದು ಸಣ್ಣ ಗಂಟು ಸಿಕ್ಕಿತು. ಅಲ್ಲೇ ತೆಗೆದುಹಾಕಿದರು. ಇದಿನ್ನೂ ಕ್ಯಾನ್ಸರ್ ಆಗಿಲ್ಲ, ಬಿಟ್ಟಿದ್ದರೆ ಆಗಬಹುದಿತ್ತು, ಮುಂದಿನ ಪರೀಕ್ಷೆ ವರ್ಷಕ್ಕೆ ಎಂದು ವರದಿ ಬಂದ ಮೇಲೆ ಹೇಳಿದರು.

ಅದನ್ನು ಕೇಳಿ ಹೊರಗೆ ಬಂದಾಗ, ನಿನ್ನಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದೆ. ಅವಳು ನನ್ನ ತೋಳು ಹಿಡಿದುಕೊಂಡಳು.

"ಧೈರ್ಯ ಎಲ್ಲೀದೋ. ಅವರು ಅಂಜಿ ಬ್ಯಾಡಂದ್ರು, ನಾ ಅಂಜಿ ಬಂದೆ."