ಹುಲುಗಪ್ಪನ ದೋಣಿ

ಬೆಳಕು ಹರಿಯುವುದರೊಳಗೆ ಹಲವಾಗಲಿನ ಪಂಪಮ್ಮ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಗಂಡ ಹುಲುಗಪ್ಪನಿಗೆ ನೀರು ಕಾಯಿಸಿಟ್ಟು, ಗೊಬ್ಬರದ ಚೀಲಗಳಿಂದ ತಾನೇ ಹೊಲಿದ ದೋಣಿಯ ಹಾಯಿ ಬಿಚ್ಚಿ, ಮಲ್ಲಿಗೆ ಬುಟ್ಟಿಗಳನ್ನು ಹೊಳೆಯ ಆಚೆ ದಡದ ಮೊದಲ ಬಸ್ಸಿಗೆ ಮುಟ್ಟಿಸಿರುತ್ತಾಳೆ. ಊರು ಮಾತ್ರ ಆ ದೋಣಿಯನ್ನು ‘ಹುಲುಗಪ್ಪನ ದೋಣಿ’ ಎನ್ನುತ್ತದೆ. ಹುಲುಗಪ್ಪನಿಗೋ ನಡುಹೊಳೆಯಲ್ಲಿ ತಲೆ ತಿರುಗುತ್ತದೆ. ನೀರಿನ ಸಪ್ಪಳದಲ್ಲೇ ಬಂಡೆ ಯಾವುದೆಂದು ಹೇಳುವ ಪಂಪಮ್ಮನಿಗೆ ಮೀನು ಸೀನಿದರೂ ಕೇಳಿಸುತ್ತದೆಂದು ಜನ ನಗುತ್ತಾರೆ. ಆದರೂ ಕಳೆದ ಚಳಿಗಾಲದ ಮಂಜಿನಲ್ಲಿ ಎರಡು ಸಲ ದಾರಿ ತಪ್ಪಿತು, ಬಸ್ಸು ಹೋಯಿತು, ಹೂವು ಬಾಡಿತು. ಇನ್ನೊಂದು ಸಲ ತಪ್ಪಿದರೆ ಹೂವಿನವರು ಬೇರೆ ದೋಣಿ ಹಿಡಿಯುತ್ತಾರೆ. ಅದಕ್ಕೇ ಹರಪನಹಳ್ಳಿಯ ಅಸ್ಲಮನ ಅಂಗಡಿಗೆ ಬಂದು, ದಾರಿ ತೋರುವ ಎರಡು ಜಿಪಿಎಸ್ ಯಂತ್ರಗಳನ್ನು ಮುಂದಿಟ್ಟುಕೊಂಡು ಕೂತಳು. “ಬಣ್ಣದ ದೊಡ್ಡದು ತಗೊಳೇ, ಹುಲುಗಪ್ಪನ ದೋಣಿ ಅಂದ್ರ ನಾಕು ಮಂದಿ ನೋಡ್ಬೇಕು” ಎಂದು ಗಂಡ ಚಹಾಕ್ಕೆ ಹೋದ. ಪಂಪಮ್ಮ ಕಣ್ಣು ಮುಚ್ಚಿ, ಬಲಗೈಯಲ್ಲಿ ಇಲ್ಲದ ಹುಟ್ಟು ಹಿಡಿದು, ಒದ್ದೆ ಮಾಡಿಕೊಂಡ ಎಡ ಹೆಬ್ಬೆರಳಿನಿಂದ ಎರಡರ ಗುಂಡಿಗಳನ್ನೂ ಒತ್ತಿ ನೋಡಿದಳು. ಸಣ್ಣದು ಮಾತು ಕೇಳಿತು. “ಇದನ್ನ ಕೊಡು ತಮ್ಮಾ.” “ಇದರಾಗ ದೋಣಿ ಮಾಲಕರ ಹೆಸರು ಹಾಕ್ಬೇಕಕ್ಕಾ. ಅಣ್ಣ ಬರ್ಲಿ?” ಬಾಗಿಲ ಕಡೆ ನೋಡದೆ ಅವಳೆಂದಳು: “ಪಂಪಮ್ಮ ಅಂತ ಹಾಕು.”